ಅಪ್‌ಗ್ರೇಡಪ್ಪ

ಇಂಡಿ ಪಂಪ್‌ನಿಂದ ಸಿದ್ಧಾರೂಢ ಮಠದ ಕಡೆಗೆ ಹೋಗುವ ಯಾವ ಓಣಿ ಹೊಕ್ಕರೂ ಒಂದಲ್ಲ ಒಂದು ಮಾಳಿಗೆಯ ಮೇಲೆ ಅಪ್‌ಗ್ರೇಡಪ್ಪ ಇದ್ದೇ ಇರುತ್ತಾನೆ. ವಿದ್ಯಾನಗರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿದವ. ಕಂಪನಿ ಬೆಂಗಳೂರಿನದು, ಪಗಾರ ಬೆಂಗಳೂರಿನದು, ಊಟ ಅವ್ವನದು. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ, ಮೇಲೆ ಕೀಬೋರ್ಡ್ ಬಡಿಯುವ ಸಪ್ಪಳ. ಶುಕ್ರವಾರ ಸಂಜೆ ಐದೂವರೆಗೆ ಗಿರ್ಮಿಟ್-ಮಿರ್ಚಿ ಪೊಟ್ಟಣ ಬಿಚ್ಚಿಟ್ಟು, ಯಂತ್ರದ ತಂತ್ರಾಂಶಗಳನ್ನೆಲ್ಲ ಹೊಸ ಆವೃತ್ತಿಗೆ ಏರಿಸಲು ಕಪ್ಪು ಪರದೆಯ ಮೇಲೆ ‘ಆಪ್ಟ್ ಅಪ್‌ಗ್ರೇಡ್’ ಎಂದು ಹೊಡೆಯುತ್ತಾನೆ. ಯಂತ್ರ ಮರ್ಯಾದಸ್ಥ, ಇಷ್ಟಿಷ್ಟು ಬದಲಾಗುತ್ತವೆ, ಮುಂದುವರಿಯಲೇ ಎಂದು ಕೇಳುತ್ತದೆ. ಪ್ರಶ್ನೆಯ ಪಕ್ಕದಲ್ಲಿ ‘ವೈ’ ದೊಡ್ಡಕ್ಷರದಲ್ಲಿ, ‘ಎನ್’ ಸಣ್ಣಕ್ಷರದಲ್ಲಿ. ಅಂದರೆ ಬರೇ ಎಂಟರ್ ಒತ್ತಿದರೂ ‘ಹೂಂ’ ಅಂದಂತೆಯೇ. ನಾಲ್ಕು ಬೆರಳಿಗೆ ಮಿರ್ಚಿ ಎಣ್ಣೆ ಹತ್ತಿರುವುದರಿಂದ ಕಿರುಬೆರಳಿನಿಂದ ಒತ್ತುತ್ತಾನೆ. ಪಕ್ಕದಲ್ಲಿದ್ದವರು ಅನುಮಾನಪಟ್ಟರೆ ಉತ್ತರ ಸಿದ್ಧ: “ಏನೂ ಆಗಂಗಿಲ್ಲ ಬಿಡೋ.”

ಇವನಿಗೆ ಹೊಸದರ ಹುಚ್ಚು ಎನ್ನುವುದು ಸಾಮಾನ್ಯ ಅಭಿಪ್ರಾಯ. ಅದು ತಪ್ಪು. ಹೊಸ ಸಿನಿಮಾದ ಹುಚ್ಚಿರುವವ ಕೊನೆಗೆ ಪೋಸ್ಟರನ್ನಾದರೂ ನೋಡುತ್ತಾನೆ. ಅಪ್‌ಗ್ರೇಡಪ್ಪ ಹಾಕಿಕೊಂಡ ಆವೃತ್ತಿಯಲ್ಲಿ ಏನು ಬಂತು, ಏನು ಹೋಯಿತು ಎಂದು ಕೇಳಿ ನೋಡಿ, ಅವನಿಗೆ ಗೊತ್ತಿರುವುದಿಲ್ಲ. ಪರದೆಯ ಮೇಲಿನ ಹಳದಿ ಎಚ್ಚರಿಕೆಗಳು ಕಣ್ಣಿಗೆ ಬೀಳದಿದ್ದರೆ ಅವನಿಗೆ ಸಾಕು. ಎದುರು ಮನೆಯ ‘ಇರ್ಲಿಬಿಡಪ್ಪ’ನಿಗೆ ಬೇಕಾದದ್ದೂ ಅದೇ. ಅವನು 2019ರಿಂದ ಏನನ್ನೂ ಮುಟ್ಟಿಲ್ಲ, ನಡೆಯುವುದನ್ನು ನಡೆಯಲು ಬಿಡಬೇಕು ಎಂಬ ತತ್ವದವ. ಓಣಿ ಇವರಿಬ್ಬರನ್ನು ಉತ್ತರ-ದಕ್ಷಿಣ ಎಂದುಕೊಂಡಿದೆ. ನನ್ನ ಲೆಕ್ಕದಲ್ಲಿ ಇಬ್ಬರೂ ಒಬ್ಬನೇ. ಇವನು ಓದದೆ ಒತ್ತುತ್ತಾನೆ, ಅವನು ಓದದೆ ಬಿಡುತ್ತಾನೆ.

ಓದದೆ ಒತ್ತಿದರೆ ಏನಾಗುತ್ತದೆ ಎಂಬುದು ಮದುವೆ ಮಾಡಿದವರಿಗೆ ಬೇಗ ತಿಳಿಯುತ್ತದೆ. ಬೇರೆಯವರು ಬರೆದಿಟ್ಟ ಕೋಡಿನ ಒಂದು ಪ್ಯಾಕೇಜ್ ತಂದರೆ ಅದರ ಬೀಗರು ಬರುತ್ತಾರೆ, ಬೀಗರ ಬೀಗರು ಬರುತ್ತಾರೆ, ಅಂಗಳ ತುಂಬುತ್ತದೆ. ತಾರೀಖು ತೋರಿಸುವ ಒಂದು ಸಣ್ಣ ಪೆಟ್ಟಿಗೆಗಾಗಿ ನೂರಾರು ಮಂದಿ ಅಪರಿಚಿತರು ‘ನೋಡ್ ಮಾಡ್ಯೂಲ್ಸ್’ ಎಂಬ ಫೋಲ್ಡರಿನಲ್ಲಿ ಹಾಸಿಗೆ ಬಿಚ್ಚುತ್ತಾರೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವನು ಸಿಟ್ಟಿನಿಂದ ಹಿಂತೆಗೆದುಕೊಂಡ. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಉದ್ಯೋಗ. ಜಗತ್ತಿನ ದೊಡ್ಡ ದೊಡ್ಡ ಯೋಜನೆಗಳು ಅಂದು ಮುಗ್ಗರಿಸಿದವು, ಅದು ತಮ್ಮ ಬೀಗರ ಪೈಕಿ ಎಂದು ಅವುಗಳನ್ನು ನಡೆಸುವ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ. ಇನ್ನು ಇಬ್ಬರು ಬೀಗರು ಒಂದೇ ಪಂಕ್ತಿಯಲ್ಲಿ ಕೂಡ್ರುವುದಿಲ್ಲ ಎಂದು ಹಟ ಹಿಡಿದರೆ, ಈ ಪ್ಯಾಕೇಜುಗಳನ್ನು ತಂದು ಕೂಡಿಸುವ ಎನ್‌ಪಿಎಂ ಕೆಲಸ ನಿಲ್ಲಿಸಿ ಯಾರಿಗೆ ಯಾರು ಆಗಿಬರುವುದಿಲ್ಲ ಎಂದು ಸಾಲು ಸಾಲಾಗಿ ಹೇಳುತ್ತದೆ. ಅಪ್‌ಗ್ರೇಡಪ್ಪ ಅದನ್ನು ಓದುವ ಬದಲು ‘ಫೋರ್ಸ್’ ಎಂದು ಸೇರಿಸಿ ಇಬ್ಬರನ್ನೂ ಹೆಗಲು ಒತ್ತಿ ಕೂಡ್ರಿಸುತ್ತಾನೆ. ಹೋಳಿಗೆ ಬಡಿಸುವ ಹೊತ್ತಿಗೆ ಜಗಳ.

ಬೀಗರು ಹೇಳದೆ ಕೇಳದೆ ಬದಲಾಗುವುದನ್ನು ತಡೆಯಲೆಂದೇ ಎನ್‌ಪಿಎಂ 2017ರಲ್ಲಿ ಲಾಕ್ ಫೈಲು ತಂದಿತು. ಯಾವುದು, ಯಾವ ಆವೃತ್ತಿ, ಎಲ್ಲಿಂದ ಬಂತು ಎಂದು ತಪ್ಪದೆ ಬರೆದಿಡುವ ದಾಖಲೆ. ಬೀಗರಿಗೆ ಹಾಕಿದ ಬೀಗ ಎನ್ನಬಹುದಿತ್ತು, ಆದರೆ ಹುಬ್ಬಳ್ಳಿಯಲ್ಲಿ ಆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಹಾಗಾಗಿ ಶ್ಲೇಷೆ ಅರ್ಧಕ್ಕೇ ನಿಲ್ಲುತ್ತದೆ. ತೊಂದರೆ ಬಂದಾಗ ನಮ್ಮವ ಮೊದಲು ಅಳಿಸುವುದೇ ಈ ಫೈಲನ್ನು. ಆವೃತ್ತಿ ಸಂಖ್ಯೆಗೂ ಒಂದು ವ್ಯಾಕರಣವಿದೆ. 2.4.1ರಲ್ಲಿ ಕೊನೆಯ ಅಂಕಿ ಬದಲಾದರೆ ರಿಪೇರಿ, ನಡುವಿನದು ಬದಲಾದರೆ ಹೊಸ ಸೌಲಭ್ಯ, ಮೊದಲನೆಯದು ಬದಲಾದರೆ ಹಳೆಯದು ಮುರಿಯಬಹುದು. ಸಂಖ್ಯೆಯ ಮುಂದೆ ಎನ್‌ಪಿಎಂ ತಾನಾಗಿಯೇ ಒಂದು ಸಣ್ಣ ಟೋಪಿಯ ಗುರುತು ಇಡುತ್ತದೆ: ಮೊದಲ ಅಂಕಿ 3 ಮುಟ್ಟುವ ತನಕ ಎಷ್ಟು ಬೇಕಾದರೂ ಏರಬಹುದು ಎಂಬ ಪರವಾನಗಿ. ಅಂಕಿ ಸರಿಯಾಗಿ ಏರಿಸುತ್ತೇನೆ ಎಂಬುದು ಬರೆದವನ ಮಾತು ಮಾತ್ರ, ಕಾನೂನಲ್ಲ. ಮಾತು ತಪ್ಪಿದರೆ ಟೋಪಿ ಯಾರಿಗೆ ಬಿತ್ತೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಇರ್ಲಿಬಿಡಪ್ಪನೇ ಸರಿ ಎಂದು ಯಾರಾದರೂ ಅನ್ನಬಹುದು. ಆದರೆ 2017ರ ಮಾರ್ಚ್‌ನಲ್ಲಿ ‘ಅಪಾಚೆ ಸ್ಟ್ರಟ್ಸ್’ ಎಂಬ ತಂತ್ರಾಂಶದ ಒಂದು ತೂತಿಗೆ ತೇಪೆ ಬಂತು. ಅಮೆರಿಕದ ಎಕ್ವಿಫ್ಯಾಕ್ಸ್ ಕಂಪನಿಯ ಒಂದು ವ್ಯವಸ್ಥೆಗೆ ಆ ತೇಪೆ ಬೀಳಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ತೂತಿನಿಂದ ಒಳಹೊಕ್ಕು ಸುಮಾರು 14.7 ಕೋಟಿ ಜನರ ಮಾಹಿತಿ ಒಯ್ದರು. ಮುಟ್ಟದೆ ಬಿಡುವುದು ಅಂಥ ಜಾಣತನವೇನಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಸಾವಿರ ಪ್ಯಾಕೇಜುಗಳ ಬದಲಾವಣೆ ಪಟ್ಟಿಯನ್ನು ಯಾವ ಮಗ ಓದುತ್ತಾನೆ? ಸಾವಿರವನ್ನೂ ಓದಬೇಕಿಲ್ಲ. ಒಂದೊಂದಾಗಿ ಏರಿಸಿ, ಅಲುಗಿದ್ದೇನು ಎಂದು ನೋಡಿದರಾಯಿತು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಉಪಕರಣದ ಹೊಸ ಆವೃತ್ತಿಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ಹಿಡಿದ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಕೂಡ ಹೊಸದನ್ನೇ ಹಾಕಿಕೊಂಡಿದ್ದವನು, ಆ ಮಟ್ಟಿಗೆ ಅಪ್‌ಗ್ರೇಡಪ್ಪನ ಕುಲದವನೇ. ಆದರೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚಾಗುತ್ತಿದೆಯಲ್ಲ ಎಂದು ಅವನಿಗೆ ಕಸಿವಿಸಿಯಾಯಿತು. ನಮ್ಮವನಿಗಾದರೆ ಅರ್ಧ ಸೆಕೆಂಡು ಮಿರ್ಚಿಯ ಒಂದು ಕಡಿತ.

ನೋಡಿ ಬದಲಾಯಿಸುವ ಕಲೆ ಕಲಿಯಲು ಅವನು ದೂರ ಹೋಗಬೇಕಾಗಿಯೂ ಇಲ್ಲ. 2014ರ ನವೆಂಬರ್ 1ರಂದು ಹುಬ್ಲಿ ಅಧಿಕೃತವಾಗಿ ಹುಬ್ಬಳ್ಳಿಯಾಯಿತು. ಆಮೇಲೆ ರೈಲು ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು ಬಂತು, 2023ರಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಬಂತು. ಬೋರ್ಡುಗಳೆಲ್ಲ ಬದಲಾದವು. ಆದರೆ ಟಿಕೆಟ್ಟಿನ ಮೇಲಿನ ಸಂಕೇತ ಇವತ್ತಿಗೂ ಯುಬಿಎಲ್. ಆ ಮೂರು ಅಕ್ಷರವನ್ನು ನೆಚ್ಚಿಕೊಂಡವರು ಎಷ್ಟು ಮಂದಿ ಎಂಬುದು ರೈಲ್ವೆಗೆ ಗೊತ್ತು. ಅಪ್‌ಗ್ರೇಡಪ್ಪನ ಕೈಗೆ ಬಿಟ್ಟಿದ್ದರೆ ಒಂದೇ ಶುಕ್ರವಾರ ಸಂಜೆ ಸಂಕೇತವನ್ನೂ ಏರಿಸಿ, ಶನಿವಾರ ಮುಂಜಾನೆ ಗಾಡಿ ಯಾವ ಊರಿಗೆ ಬಂತೆಂದು ಡ್ರೈವರನನ್ನೇ ಕೇಳುತ್ತಿದ್ದ.

ಎಲ್ಲ ಮುಗಿದ ಮೇಲೆ ಎನ್‌ಪಿಎಂ ಕೊನೆಯಲ್ಲಿ ಒಂದು ಸಾಲು ಮುದ್ರಿಸುತ್ತದೆ: ಇಷ್ಟು ಪ್ಯಾಕೇಜುಗಳು ಧನಸಹಾಯ ಎದುರುನೋಡುತ್ತಿವೆ. ಇವನ ಪಗಾರ ನಿಂತಿರುವ ಕೋಡನ್ನು ಎಷ್ಟೋ ಕಡೆ ಪುಕ್ಕಟೆಯಾಗಿ, ಒಬ್ಬೊಬ್ಬರೇ ಕೂತು ಕಾಪಾಡುತ್ತಿರುವವರ ಪರವಾಗಿ ಬಂದ ಪಟ್ಟಿ ಅದು. ಓಣಿಯ ಗಣಪತಿಗೆ ಪಟ್ಟಿ ಕೇಳಲು ಹುಡುಗರು ಬಂದರೆ ಅಪ್‌ಗ್ರೇಡಪ್ಪ ರಸೀದಿಯಲ್ಲಿ ಹೆಸರು ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ನೋಡಿ 501 ಕೊಡುತ್ತಾನೆ. ಈ ಪಟ್ಟಿಗೆ ಮಾತ್ರ ‘ಕ್ಲಿಯರ್’ ಎಂದು ಹೊಡೆಯುತ್ತಾನೆ, ಪರದೆ ಮತ್ತೆ ಕಪ್ಪಗಾಗುತ್ತದೆ, ಕೆಳಗಿನಿಂದ ಅವ್ವ ಊಟಕ್ಕೆ ಕರೆಯುತ್ತಾಳೆ.