ಅಳಿಯನಿಗೆ ಲೌಂಜು, ಮನೆಮಗನಿಗೆ ಬೆಂಚು

ವಿಮಾನ ಕಂಪನಿಗಳ ಬೀಗತನವೇ ವಿಚಿತ್ರ. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್ ಕೂಟಕ್ಕೆ ನಮ್ಮ ಏರ್ ಇಂಡಿಯಾ 2014ರಲ್ಲಿ ಸೇರಿತು. ಈಗ ಷಿಕಾಗೋದಿಂದ ಡೆನ್ವರ್‌ಗೆ ಅದೇ ಕೂಟದ, ಅಮೆರಿಕದ ಯುನೈಟೆಡ್ ಕಂಪನಿಯ ವಿಮಾನ ಹತ್ತುವ ಇಬ್ಬರನ್ನು ನೋಡಿ. ಪದೇ ಪದೇ ಹಾರಿ ಏರ್ ಇಂಡಿಯಾದ ಗೋಲ್ಡ್ ಕಾರ್ಡು ಗಳಿಸಿದವರು ಯುನೈಟೆಡ್ ಲೌಂಜಿಗೆ ಸಲೀಸಾಗಿ ಒಳಗೆ. ಅದೇ ವಿಮಾನದ ಒಬ್ಬ ಅತಿಥಿಯನ್ನೂ ಕರೆದೊಯ್ಯಬಹುದು. ಯುನೈಟೆಡ್‌ನದೇ ಗೋಲ್ಡ್ ಕಾರ್ಡು ಚಾಚಿದವರಿಗೆ ಮಾತ್ರ, ‘ದೇಶದೊಳಗಿನ ಪ್ರಯಾಣವೇ? ಕ್ಷಮಿಸಿ, ಲೌಂಜಿನ ಸದಸ್ಯತ್ವ ಕೊಂಡು ಬನ್ನಿ!’ ಅಳಿಯನಿಗೆ ಒಬ್ಬಟ್ಟು, ಮನೆಮಗನಿಗೆ ನೀರುಮಜ್ಜಿಗೆ. ಮನೆಮಂದಿಗೆಲ್ಲ ಪುಕ್ಕಟೆ ಬಾಗಿಲು ತೆರೆದರೆ ಕುರ್ಚಿ ಉಳಿಯುವುದೆಲ್ಲಿ, ಸದಸ್ಯತ್ವ ಕೊಳ್ಳುವವರ್ಯಾರು?

ಒಳಗಿರುವುದು ಚೀಸ್ ತುಂಡು, ಬಿಸಿ ಸೂಪು, ಫೋನ್ ಚಾರ್ಜಿಗೊಂದು ಪ್ಲಗ್ಗು. ಹೊರಗೆ ನಿಂತವರಿಗೆ ಅದೇ ಮೃಷ್ಟಾನ್ನ! ಜಾಣ ಅಮೆರಿಕನ್ನರು ತಾವು ಹಾರಿದ ಮೈಲುಗಳನ್ನು ಪರದೇಶದ ಕಂಪನಿಯ ಖಾತೆಗೆ ಹಾಕಿಸಿ ದತ್ತು ಹೋಗಿಬಿಡುತ್ತಾರೆ.