ದೆವ್ವಗಳ ವಾಸಸ್ಥಳ ದೃಢೀಕರಣ: ಒಂದು ಸಮಾಜಶಾಸ್ತ್ರೀಯ ಪ್ರಬಂಧ

ಸತ್ತವರೆಲ್ಲ ದೆವ್ವವಾಗುವುದಿಲ್ಲ. ಹಾಗಾಗಿದ್ದರೆ ಯಾರಿಗೂ ಬಾಡಿಗೆ ಮನೆಯೇ ಸಿಗುತ್ತಿರಲಿಲ್ಲ. ಹಾಗಿದ್ದಮೇಲೆ ಸಿನಿಮಾದಲ್ಲಿ ಈ ಹುದ್ದೆಗೆ ಅರ್ಹತೆ ಏನು, ನೇಮಕಾತಿ ಯಾವ ನಿಯಮದ ಪ್ರಕಾರ ನಡೆಯುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯವನ್ನು ನಡುಮನೆಯ ದೀಪಗಳನ್ನೆಲ್ಲ ಹೊತ್ತಿಸಿಕೊಂಡು ನಡೆಸಲಾಗಿದೆ. ಹಿನ್ನೆಲೆ ಸಂಗೀತ ಏರಿದಾಗಲೆಲ್ಲ ಕಣ್ಣು ಮುಚ್ಚಿಕೊಂಡು ವಸ್ತುನಿಷ್ಠತೆಯನ್ನು ಕಾಪಾಡಲಾಗಿದೆ.

ಮೊದಲಿಗೆ ಅಂತರರಾಜ್ಯ ವ್ಯವಹಾರ. 1993ರಲ್ಲಿ ಫಾಸಿಲ್ ನಿರ್ದೇಶಿಸಿದ ಮಲಯಾಳದ ‘ಮಣಿಚಿತ್ರತ್ತಾಳ್’ನಲ್ಲಿ ತರವಾಡು ಮನೆಯನ್ನು ಕಾಡುವವಳು ನಾಗವಲ್ಲಿ. ಊರು ತಂಜಾವೂರು, ಮಾತು ತಮಿಳು. ಅದೇ ಕತೆ 2004ರಲ್ಲಿ ಪಿ. ವಾಸು ಅವರ ಕೈಯಲ್ಲಿ ‘ಆಪ್ತಮಿತ್ರ’ವಾದಾಗ ನಾಗವಲ್ಲಿ ತೆಲುಗಿನವಳಾದಳು. ಮರುವರ್ಷ ‘ಚಂದ್ರಮುಖಿ’ ಮಾಡಿದ ತಮಿಳರು ತಮ್ಮ ತಂಜಾವೂರಿನ ಮಗಳನ್ನು ಗೌರವದಿಂದ ತವರಿಗೆ ಕರೆಸಿಕೊಳ್ಳಬಹುದಿತ್ತು. ಇಲ್ಲ, ಅವರೂ ತೆಲುಗಿನವಳನ್ನೇ ತರಿಸಿದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ ‘ಭೂಲ್ ಭುಲಯ್ಯಾ’ ಮಾಡಿದರು; ಅಲ್ಲಿಗೆ ಬಂಗಾಳದಿಂದ ಮಂಜುಲಿಕಾ ಬಂದಳು. ಯಾವ ಸೀಮೆಯೂ ತನ್ನ ದೆವ್ವವನ್ನು ತಾನೇ ಬೆಳೆಯುವುದಿಲ್ಲ, ನೆರೆಯಿಂದ ಆಮದು ಮಾಡಿಕೊಳ್ಳುತ್ತದೆ ಎಂಬುದು ಇದರಿಂದ ಸಿದ್ಧ. ಮಲಯಾಳ ಚಿತ್ರದಲ್ಲಂತೂ, ಯಾರ ಮೇಲಾದರೂ ಅನುಮಾನಪಡಬೇಕಲ್ಲ ಎಂದು ಮನೆಯವರು ಬೊಟ್ಟು ಮಾಡುವ ಶ್ರೀದೇವಿಯ ಪಾತ್ರಕ್ಕೂ ಉಡುಪಿಯ ನಮ್ಮ ವಿನಯಾ ಪ್ರಸಾದ್ ಅವರನ್ನೇ ಕರೆಸಿಕೊಂಡಿದ್ದರು.

ಆಂಧ್ರದೊಂದಿಗೆ ಕರ್ನಾಟಕದ ಲೆಕ್ಕ ಮಾತ್ರ ಚುಕ್ತಾ ಆಗಿದೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಅವರ ಮೈಹೊಕ್ಕ ಕಾಮಿನಿಯನ್ನು ಬಿಡಿಸಲು ಮಂತ್ರಾಲಯದ ರಾಯರೇ ಬೇಕಾಯಿತು. ಪರಿಹಾರ ಅಲ್ಲಿಂದ ಬಂದ ಇಪ್ಪತ್ತೈದು ವರ್ಷಕ್ಕೆ ಸಮಸ್ಯೆಯೂ ಅಲ್ಲಿಂದಲೇ ಬಂತು.

‘ಮಣಿಚಿತ್ರತ್ತಾಳ್’ ಮೊದಲಾದ ಆ ನಾಲ್ಕು ಚಿತ್ರಗಳಲ್ಲಿ ನಿಜವಾಗಿ ದೆವ್ವವೇ ಇಲ್ಲ, ಅದು ಮನೋರೋಗ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ರೋಗದ ಮಾತೃಭಾಷೆಯೂ ಪರಭಾಷೆಯೇ ಆಗಿದೆಯಲ್ಲ! ರೋಗಿ ಯಾರೆಂದು ನೋಡಿ: ಓದಿದ, ಮೆಲುದನಿಯ, ಅತಿಥಿಗಳಿಗೆ ಕಾಫಿ ಕೊಡುವ ಹೆಂಡತಿ. ಗಂಡನನ್ನು ಗದರಿಸಬೇಕು, ಮಂಚವನ್ನು ಎತ್ತಬೇಕು, ನಡುರಾತ್ರಿ ತನಗಿಷ್ಟ ಬಂದಂತೆ ಕುಣಿಯಬೇಕು ಎಂದರೆ ಆಕೆ ಮೊದಲು ಇನ್ನೊಬ್ಬಳಾಗಬೇಕು, ಅದೂ ಪರಸ್ಥಳದವಳಾಗಬೇಕು. ಕೊನೆಯಲ್ಲಿ ಅವಳು ಗುಣವಾಗುತ್ತಾಳೆ, ಅಂದರೆ ಮತ್ತೆ ಕಾಫಿ ಕೊಡುತ್ತಾಳೆ.

ಇನ್ನು ವೃತ್ತಿ. ಆ ನಾಲ್ಕು ಚಿತ್ರಗಳ ನಾಲ್ವರೂ ನರ್ತಕಿಯರು. ಹೊಲ ಉಳುವವಳು, ಬೀಡಿ ಕಟ್ಟುವವಳು, ಅಂಗನವಾಡಿಯ ಟೀಚರು ಯಾರೂ ಅರಮನೆಯನ್ನು ಕಾಡಿದ ದಾಖಲೆ ನಮಗೆ ಸಿಕ್ಕಿಲ್ಲ. ಶಾಸ್ತ್ರೀಯ ನೃತ್ಯದಲ್ಲಿ ಸೀನಿಯರ್ ಪಾಸಾಗದವರ ಅರ್ಜಿ ಮೊದಲ ಸುತ್ತಿನಲ್ಲೇ ತಿರಸ್ಕೃತವಾಗುತ್ತಿರಬೇಕು. ಕಾವಲುಗಾರ, ಅಡುಗೆಯವ ಮೊದಲಾದವರಿಗೆ ದೆವ್ವವನ್ನು ಎಲ್ಲರಿಗಿಂತ ಮೊದಲು ನೋಡುವ ಹಕ್ಕುಂಟು. ನಂಬಿಸುವ ಹಕ್ಕಿಲ್ಲ. ಅವರು ನಡುಗಿದರೆ ನಗು, ಯಜಮಾನರು ನಡುಗಿದರೆ ಇಂಟರ್ವಲ್.

ಪ್ರಬಂಧದ ತಿರುಳು ಮುಂದಿದೆ. ನಾಲ್ವರ ಸಾವಿಗೂ ಕಾರಣ ಮನೆಯ ದೊರೆ. ಆದರೆ ತೆರೆಯ ಮೇಲೆ ದೆವ್ವವಾಗಿ ಅಲೆಯುವ ಶಿಕ್ಷೆ ಅವನಿಗಿಲ್ಲ. ಅವನಿಗೆ ಗೋಡೆಯ ಮೇಲೆ ತೈಲಚಿತ್ರ, ಅವಳಿಗೆ ಬೀಗ ಹಾಕಿದ ಕೋಣೆ. ‘ಆಪ್ತಮಿತ್ರ’ದಲ್ಲಿ ಆ ರಾಜನೂ ವಿಷ್ಣುವರ್ಧನ್, ಗುಣಪಡಿಸುವ ಡಾಕ್ಟರೂ ವಿಷ್ಣುವರ್ಧನ್, ‘ಚಂದ್ರಮುಖಿ’ಯಲ್ಲಿ ಎರಡೂ ರಜನಿಕಾಂತ್. ಕೊಂದವನ ಮುಖವೇ ಚಿಕಿತ್ಸೆಗೂ ಬಂದು ನಿಂತರೆ ರೋಗಿ ಹೆದರದೆ ಏನು ಮಾಡಿಯಾಳು? ಚಪ್ಪಾಳೆ ಇಬ್ಬರಿಗೂ ಸಮನಾಗಿ ಬಿತ್ತೆಂಬುದು ಪ್ರೇಕ್ಷಕರ ಬಗೆಗಿನ ಪ್ರತ್ಯೇಕ ಅಧ್ಯಯನಕ್ಕೆ ವಸ್ತು.

ನೊಂದವರಿಗೆ ಬಡ್ತಿ ಸಿಗಬೇಕಾದರೆ ಸಾಯಲೇಬೇಕು ಎಂಬ ನಿಯಮ ಬೇರೆಡೆಯೂ ಜಾರಿಯಲ್ಲಿದೆ. ತಮಿಳಿನ ‘ಕಾಂಚನಾ’ವನ್ನು 2012ರಲ್ಲಿ ಕನ್ನಡದಲ್ಲಿ ‘ಕಲ್ಪನಾ’ ಎಂದು ತೆಗೆದಾಗ ಸಾಯಿಕುಮಾರ್ ಲಿಂಗತ್ವ ಅಲ್ಪಸಂಖ್ಯಾತೆಯ ಪಾತ್ರ ಮಾಡಿದರು. ಬದುಕಿದ್ದಾಗ ತನ್ನ ಜಾಗ ಉಳಿಸಿಕೊಳ್ಳಲಾಗದವಳು ಸತ್ತ ಮೇಲೆ ಕಬಳಿಸಿದವರನ್ನೇ ಮುಗಿಸುತ್ತಾಳೆ. ಭೂವ್ಯಾಜ್ಯಕ್ಕೆ ಇದಕ್ಕಿಂತ ಶೀಘ್ರ ವಿಲೇವಾರಿ ನಾವು ಕಂಡಿಲ್ಲ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ದೆವ್ವ ಡಬಲ್ ರೋಡ್ ಫ್ಲೈಓವರ್ ಮೇಲೆ ಕಲ್ಲು ಸರಿಸಿ ಗಾಡಿ ತಿರುಗಿಸಿದವರನ್ನು ಹುಡುಕಿ ಹಿಡಿಯುತ್ತದೆ. ದಂಡ ಕಟ್ಟಿಸಿಕೊಂಡು ಬಿಡುವುದಿಲ್ಲ.

ರಫ್ತೇ ಇಲ್ಲವೆಂದು ಕನ್ನಡಿಗರು ಕೊರಗಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಮನೆಯ ಬಾಗಿಲಲ್ಲಿ, ರಾತ್ರಿ ಬರುವ ಹೆಣ್ಣು ದೆವ್ವ ಓದಲೆಂದು, ‘ನಾಳೆ ಬಾ’ ಎಂದು ಬರೆಯಲಾಗುತ್ತಿತ್ತು. ಆಕೆ ಬಂದು, ಓದಿ, ಮರಳುತ್ತಿದ್ದಳು. ಕನ್ನಡ ಬಲ್ಲವಳು, ಗೋಡೆಬರಹಕ್ಕೆ ಮರ್ಯಾದೆ ಕೊಡುವವಳು. ‘ಇಲ್ಲಿ ಮೂತ್ರ ವಿಸರ್ಜಿಸಬಾರದು’ ಎಂಬ ಬರಹದೆದುರು ಬದುಕಿರುವ ನಾಗರಿಕರ ನಡವಳಿಕೆಯನ್ನು ಇದರೊಂದಿಗೆ ಹೋಲಿಸಿ ನೋಡಬಹುದು. 2018ರಲ್ಲಿ ಹಿಂದಿಯ ‘ಸ್ತ್ರೀ’ ಈ ಐತಿಹ್ಯವನ್ನು ಚಂದೇರಿಗೆ ಒಯ್ದು ಗಂಡಸರು ಕತ್ತಲಾಗುವ ಮುಂಚೆ ಮನೆ ಸೇರುವಂತೆ ಮಾಡಿತು.

ಮಲಯಾಳಿಗಳು 2024ರ ‘ಭ್ರಮಯುಗಂ’ನಲ್ಲಿ ಮನೆಯ ಯಜಮಾನನ ಪೀಠದಲ್ಲೇ ಭಯವನ್ನು ಕೂರಿಸಿದರು. ಅಲ್ಲಿ ಹೆದರುವವನು ಅನ್ನಕ್ಕಾಗಿ ಹೊಸ್ತಿಲು ದಾಟಿ ಬಂದ ಕೆಳಜಾತಿಯ ಹಾಡುಗಾರ, ಹೆದರಿಸುವವರು ಮಮ್ಮುಟ್ಟಿ. ಕನ್ನಡದ ನಿರ್ಮಾಪಕರಲ್ಲಿ ನಮ್ಮ ವಿನಂತಿ ಇಷ್ಟೇ: ಇನ್ನಾದರೂ ಒಬ್ಬ ಸ್ಥಳೀಯ ಜಮೀನ್ದಾರನಿಗೆ ದೆವ್ವದ ಹುದ್ದೆ ಕೊಡಿ. ವಾಸಸ್ಥಳ ಪ್ರಮಾಣಪತ್ರ ಅವನ ಬಳಿ ಇದ್ದೇ ಇರುತ್ತದೆ, ಪಹಣಿಯ ಸಮೇತ.