ಋಜುಚಕ್ರ ಮೀಮಾಂಸೆ

ವಿಷಯವಾಕ್ಯ ಇಷ್ಟು: ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿಗೆ ಬದಲಿ ತಂತಿಚಕ್ರ ಬೇಕು, ಚಕ್ರ ನೆಟ್ಟಗಿರಬೇಕು. ಮೊದಲ ಷರತ್ತು ದುಡ್ಡಿನಿಂದ ಈಡೇರುತ್ತದೆ. ಎರಡನೆಯದಕ್ಕೆ ಶಾಸ್ತ್ರವೇ ಬೇಕು. (ಈಗ ನಮ್ಮ ಬೀದಿಗಳಲ್ಲಿ ಓಡುವ ಎಂಜಿ ಹೆಕ್ಟರ್ ಅದೇ ಲಾಂಛನ ಧರಿಸಿದ್ದರೂ ಗೋತ್ರ ಬೇರೆ, ಅದರ ಚಕ್ರ ಇಲ್ಲಿ ಅಪ್ರಸ್ತುತ.)

ಲಕ್ಷಣ: 14 ಇಂಚಿನ ರಿಮ್ಮು, 60 ಕಡ್ಡಿ, ನಡುವೆ ಒಳಹಲ್ಲುಗಳುಳ್ಳ ಗುಂಭ. ಬೋಲ್ಟುಗಳಿಲ್ಲ. ಕಾರಿನ ಅಚ್ಚಿನ ತುದಿಯ ಹಬ್ಬಿನ ಮೇಲೆ ಜಾರಿಸಿ ಒಂದೇ ಒಂದು ದೊಡ್ಡ ನಟ್ಟನ್ನು ಸುತ್ತಿಗೆಯಿಂದ ಹೊಡೆದು ಬಿಗಿಯುವುದು ಸಂಪ್ರದಾಯ. ಕಾರಿನ ಬಲಬದಿಯ ನಟ್ಟು ಉಲ್ಟಾ ಥ್ರೆಡ್ಡಿನದು. ಇದನ್ನರಿಯದ ಶಿಷ್ಯರು ಬಿಚ್ಚುತ್ತಿದ್ದೇವೆಂದುಕೊಂಡು ಇನ್ನಷ್ಟು ಬಿಗಿಯುತ್ತಾರೆ. ನಟ್ಟಿಗೆ ಮೊದಲು ಕಿವಿಗಳಿದ್ದವು. ದಾರಿಹೋಕರಿಗೆ ಅಪಾಯವೆಂದು ಅಮೆರಿಕ 1968ರಿಂದ ಆ ಕಿವಿಗಳನ್ನು ನಿಷೇಧಿಸಿತು, ಅಲ್ಲಿಗೆ ಹೋದ ಕಾರುಗಳಿಗೆ ಎಂಟು ಮೂಲೆಯ ನಟ್ಟು ಬಂತು.

ಈಗ ಪೂರ್ವಪಕ್ಷ. ಹಳೆಯ ಚಕ್ರ ನೆಟ್ಟಗಿದೆ ಎಂಬುದಕ್ಕೆ ಶಬ್ದವೇ ಪ್ರಮಾಣ ಎನ್ನುತ್ತಾನೆ ಮಾರುವವನು. ‘ಬಿಚ್ಚಿಟ್ಟಾಗ ನೆಟ್ಟಗಿತ್ತು’ ಎಂಬುದು ಅವನ ಮಹಾವಾಕ್ಯ. ಹಾಗಾದರೆ ಬಿಚ್ಚಿದ್ದೇಕೆ ಎಂದು ಕೇಳುವುದು ಶಿಷ್ಟಾಚಾರವಲ್ಲ. ಪ್ರತ್ಯಕ್ಷವಾದಿಗಳು ಗೋಡೆಗೊರಗಿಸಿದ ಚಕ್ರದ ಫೋಟೋ ನೋಡಿ ತೃಪ್ತರಾಗುತ್ತಾರೆ. ನಿಂತ ಚಕ್ರ ಎಂದೂ ಅಲುಗಿದ್ದಿಲ್ಲ. ಅನುಮಾನವಾದಿಗಳದು ಮತ್ತೊಂದು ದಾರಿ: ಹೊಗೆಯಿದ್ದಲ್ಲಿ ಬೆಂಕಿ, ಸ್ಟೀರಿಂಗ್ ನಡುಗಿದಲ್ಲಿ ಡೊಂಕು. ಇದು ಶುದ್ಧ ಹೇತ್ವಾಭಾಸ. ಬ್ಯಾಲೆನ್ಸ್ ತಪ್ಪಿದರೂ, ಟೈರು ಉಬ್ಬಿದರೂ, ಕಿಂಗ್‌ಪಿನ್ ಸವೆದರೂ ಸ್ಟೀರಿಂಗ್ ನಡುಗುತ್ತದೆ.

ಉಳಿದದ್ದು ಡಯಲ್ ಗೇಜು. ಅದರ ಮೂತಿಯನ್ನು ರಿಮ್ಮಿಗೆ ತಾಗಿಸಿ ಚಕ್ರ ತಿರುಗಿಸಿದರೆ ಅಡ್ಡ ಓಲಾಟವೂ ಮೇಲೆ ಕೆಳಗಿನ ಕುಣಿತವೂ ಬೇರೆಬೇರೆಯಾಗಿ ಮುಳ್ಳಿನಲ್ಲಿ ಕಾಣುತ್ತವೆ. ಕಡ್ಡಿಗಳನ್ನು ಸ್ಪ್ಯಾನರಿನಿಂದ ತಟ್ಟಿದರೆ ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮೌನಿ. ನಿಪ್ಪಲ್ ತಿರುಗಿಸಿ ಬೆಂಡ್ ತೆಗೆಯಬಹುದು, ರಿಮ್ಮೇ ಗುಂಡಿಗೆ ಬಿದ್ದು ಜಜ್ಜಿರದಿದ್ದರೆ. ಆಗ ಮಾರುವವನು ಕೊನೆಯ ಅಸ್ತ್ರ ತೆಗೆಯುತ್ತಾನೆ: ‘ನಿಮ್ಮ ಹಬ್ಬೇ ಸರಿಯಿಲ್ಲ.’ ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಗುವಂತಿಲ್ಲ. ಈ ಶಾಸ್ತ್ರದಲ್ಲಿ ನೆಲ ನಿಜಕ್ಕೂ ಡೊಂಕಿರುತ್ತದೆ. ಹಬ್ಬಿನ ಹಲ್ಲು ಸವೆದಿದ್ದರೆ ಒಳ್ಳೆಯ ಚಕ್ರದ ಹಲ್ಲನ್ನೂ ಅದು ತಿನ್ನುತ್ತದೆ. ಸವೆದ ಚಕ್ರ ಹೊಸ ಹಬ್ಬನ್ನು ತಿನ್ನುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಕ್ಕ ಕೋನ್ ಇಲ್ಲದೆ ಕೂರಿಸಿದರಂತೂ ನಿರ್ದೋಷಿ ಚಕ್ರವೂ ಓಲಾಡುತ್ತದೆ. ಚಕ್ರದ ಪರೀಕ್ಷೆಗೆ ಹಬ್ಬು, ಹಬ್ಬಿನ ಪರೀಕ್ಷೆಗೆ ಚಕ್ರ: ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ಯಾವ ತರ್ಕಗ್ರಂಥದಲ್ಲೂ ಇರಲಾರದು.

ಸ್ಟೆಪ್ನಿವಾದವೆಂಬ ಒಂದು ಉಪಶಾಖೆಯೂ ಉಂಟು. ಡಿಕ್ಕಿಯಲ್ಲಿ ಐವತ್ತು ವರ್ಷ ಮಲಗಿದ ಐದನೆಯ ಚಕ್ರವೇ ಅತ್ಯಂತ ನೆಟ್ಟಗಿರುವುದೆಂದು ಇವರ ಮತ, ಏಕೆಂದರೆ ಅದು ಒಂದು ದಿನವೂ ಕೆಲಸ ಮಾಡಿಲ್ಲ. ಕಚೇರಿಗಳನ್ನು ಬಲ್ಲವರಿಗೆ ವ್ಯಾಖ್ಯಾನ ಬೇಡ. ಆದರೆ ಕಾರಿಗೊಂದೇ ಸ್ಟೆಪ್ನಿ. ನಾಲ್ಕು ನೆಟ್ಟ ಚಕ್ರಕ್ಕೆ ನಾಲ್ಕು ಕಾರು ಕೊಳ್ಳಬೇಕಾಗುತ್ತದೆ. ಈ ಶಾಖೆಯ ಅನುಯಾಯಿಗಳು ಕೊಂಡೂ ಕೊಳ್ಳುತ್ತಾರೆ.

ಸಿದ್ಧಾಂತ: ಹಳೆಯದನ್ನು ಹುಡುಕಬೇಡಿ. ಈ ತಂತಿಚಕ್ರಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ; ಹಬ್ಬಿನ ಹಲ್ಲು ಚೂಪಾಗಿದ್ದರೆ ಅದನ್ನೂ ಜೊತೆಗೇ ಬದಲಿಸಿ. ಹಳೆಯ ಮಾದರಿಯಲ್ಲಿ ಕಡ್ಡಿಗಳ ನಿಪ್ಪಲ್ ರಿಮ್ಮನ್ನು ತೂರಿಕೊಂಡು ಬರುವುದರಿಂದ ಒಳಗೆ ಟ್ಯೂಬ್ ಹಾಕದಿದ್ದರೆ ಗಾಳಿ ನಿಲ್ಲುವುದಿಲ್ಲ.